ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿದರೆ ನುಡಿಸುವ ಕೈ ಉಳಿಯುತ್ತದೆಯೇ?

ನೀವು ಕೇಳಿರುವುದು ಇಷ್ಟು: ಹಲವು ವರ್ಷಗಳಿಂದ ವಯೊಲಿನ್ ಕಲಿಯುತ್ತಿದ್ದೀರಿ, ಸಂಗೀತವನ್ನೇ ಪದವಿಗೆ ಓದುವ ಆಸೆಯಿದೆ, ಅಮೆರಿಕದ ಒಂದು ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯದಲ್ಲಿ, ಅಂದರೆ ಮುಖ್ಯ ವಿಷಯದ ಜೊತೆಗೆ ಬೇರೆ ಹಲವು ವಿಷಯಗಳನ್ನೂ ಓದಿಸುವ ಕಡೆ, ಪ್ರವೇಶ ಸಿಗುವಂತಿದೆ. ಸಂಗೀತಕ್ಕೇ ಮೀಸಲಾದ ಶಾಲೆಯಾದ ಕನ್ಸರ್ವೇಟರಿ ಬಿಟ್ಟು ಇಲ್ಲಿಗೆ ಸೇರಿದರೆ ಕೈ ಹಾಳಾದೀತೇ ಎಂಬ ಅಳುಕು ನಿಮ್ಮದು. ನಾನು ಅಂಥದೇ ಒಂದು ಕಡೆ ವಯೊಲಿನ್ ನುಡಿಸುತ್ತಲೇ ಸಂಗೀತದಲ್ಲಿ ಬಿ.ಎ. ಮುಗಿಸಿದವಳು. ಕೈ ಹಾಳಾಗಲೇಬೇಕೆಂದಿಲ್ಲ. ಆದರೆ ಅದನ್ನು ಕಾಪಾಡಿಕೊಳ್ಳುವ ಹೊಣೆ ಪೂರ್ತಿ ನಿಮ್ಮ ಮೇಲೆಯೇ ಬೀಳುತ್ತದೆ.

ಮೊದಲು ಪದವಿಯ ಹೆಸರು ನೋಡಿ. ಕನ್ಸರ್ವೇಟರಿಗಳು ಸಾಮಾನ್ಯವಾಗಿ ಕೊಡುವುದು ಬ್ಯಾಚುಲರ್ ಆಫ್ ಮ್ಯೂಸಿಕ್, ಲಿಬರಲ್ ಆರ್ಟ್ಸ್ ಕಾಲೇಜುಗಳು ಹೆಚ್ಚಾಗಿ ಕೊಡುವುದು ಬ್ಯಾಚುಲರ್ ಆಫ್ ಆರ್ಟ್ಸ್. ಅಲ್ಲಿನ ಸಂಗೀತ ಶಿಕ್ಷಣದ ಮಾನ್ಯತಾ ಸಂಸ್ಥೆಯ ಮಾನದಂಡದಂತೆ ಮೊದಲನೆಯದರಲ್ಲಿ ಓದಿನ ಕನಿಷ್ಠ ಶೇ 65ರಷ್ಟು ಸಂಗೀತವೇ ಇರಬೇಕು. ಎರಡನೆಯದರಲ್ಲಿ ಅದು ಶೇ 30ರಿಂದ 45ರಷ್ಟು. ವಾರಕ್ಕೊಂದು ವಾದ್ಯಪಾಠ, ಆರ್ಕೆಸ್ಟ್ರಾ ಅಥವಾ ಸಣ್ಣ ವಾದ್ಯಮೇಳ, ಹಾರ್ಮನಿ (ಸ್ವರಗಳನ್ನು ಒಟ್ಟಿಗೆ ಕೂಡಿಸುವ ಶಾಸ್ತ್ರ), ಕೌಂಟರ್‌ಪಾಯಿಂಟ್ (ಹಲವು ಧಾಟಿಗಳನ್ನು ಏಕಕಾಲಕ್ಕೆ ಹೆಣೆಯುವ ಶಾಸ್ತ್ರ), ಸಂಗೀತದ ಚರಿತ್ರೆ, ಕೇಳಿದ್ದನ್ನು ಬರೆಯುವ ಮತ್ತು ಬರೆದದ್ದನ್ನು ಹಾಡುವ ಶ್ರವಣಾಭ್ಯಾಸ, ಕೊನೆಯ ವರ್ಷ ಒಂದು ಕಛೇರಿ ಅಥವಾ ಪ್ರಬಂಧ: ಸಂಗೀತದ ಪಾಲು ಹೆಚ್ಚುಕಡಿಮೆ ಇಷ್ಟು. ಉಳಿದ ಅರ್ಧಕ್ಕಿಂತ ಹೆಚ್ಚು ಸಮಯ ಭೌತಶಾಸ್ತ್ರಕ್ಕೋ ಇತಿಹಾಸಕ್ಕೋ ತತ್ತ್ವಶಾಸ್ತ್ರಕ್ಕೋ ಹೋಗುತ್ತದೆ.

ಆ ಉಳಿದ ಪಾಲು ವ್ಯರ್ಥ ಎಂದು ನಿಮಗೆ ಯಾರಾದರೂ ಹೇಳಿದ್ದರೆ, ನನಗೆ ಅದು ಹೇಗೆ ಒದಗಿತು ಎಂಬುದನ್ನು ಒಂದೇ ಸ್ವರದ ಉದಾಹರಣೆಯಿಂದ ಹೇಳುತ್ತೇನೆ. ಷಡ್ಜದ (ಸ) ಮೇಲಿನ ಅಂತರ ಗಾಂಧಾರವನ್ನು (ಗ) ತೆಗೆದುಕೊಳ್ಳಿ. ಪಿಯಾನೊ ಜೊತೆ ನುಡಿಸುವಾಗ ಸರಿಯಾಗಿ ಕೇಳಿಸಿದ ಈ ಸ್ವರ, ಬರೀ ತಂತಿವಾದ್ಯಗಳ ಮೇಳದಲ್ಲಿ ಏರಿದಂತೆ ಕೇಳುತ್ತಿತ್ತು. ಮೇಷ್ಟ್ರು 'ಬೆರಳು ಸ್ವಲ್ಪ ಹಿಂದೆ' ಎನ್ನುತ್ತಿದ್ದರು, ನಾನು ಹಿಂದಿಡುತ್ತಿದ್ದೆ. ಏಕೆ ಹಿಂದೆ ಎಂಬುದು ತಿಳಿದದ್ದು ಶಬ್ದವಿಜ್ಞಾನದ ತರಗತಿಯಲ್ಲಿ. ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದಾಗ ತಾನಾಗಿಯೇ ಹೊಮ್ಮುವ ಸ್ವಯಂಭೂ ಗಾಂಧಾರವನ್ನು ನೀವು ಕೇಳಿರುತ್ತೀರಿ. ಅದು ಆ ತಂತಿಯ ಐದನೆಯ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಐದು ಪಟ್ಟು ಕಂಪನವುಳ್ಳ ಉಪಸ್ವರ. ಒಂದೇ ಸ್ಥಾಯಿಗೆ (ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗಿನ ಹರವಿಗೆ) ಇಳಿಸಿದರೆ ಷಡ್ಜದೊಂದಿಗೆ ಅದರ ಅನುಪಾತ 5:4, ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ಭಾಗಿಸಿದಾಗ ಸುಮಾರು 386 ಸೆಂಟ್. ಪಿಯಾನೊದ ಗಾಂಧಾರ 400 ಸೆಂಟ್‌ನಲ್ಲಿದೆ. ಬೆರಳು ಹಿಂದೆ ಸರಿಯಬೇಕಾದದ್ದು ಈ 14 ಸೆಂಟ್‌ಗಾಗಿ.

ಸಂಗೀತ ಚರಿತ್ರೆಯ ತರಗತಿ ಇದಕ್ಕೆ ಇನ್ನೊಂದು ಗಾಂಧಾರವನ್ನು ಸೇರಿಸಿತು. ಷಡ್ಜದಿಂದ ಪಂಚಮ, ಅದಕ್ಕೆ ಪಂಚಮ, ಹೀಗೆ 3:2 ಅನುಪಾತದ ನಾಲ್ಕು ಶುದ್ಧ ಪಂಚಮಗಳನ್ನು ಏರಿ ಎರಡು ಸ್ಥಾಯಿ ಇಳಿದರೂ ಒಂದು ಗಾಂಧಾರ ಸಿಗುತ್ತದೆ. ಅದರ ಅನುಪಾತ 81:64, ಅಂದರೆ ಸುಮಾರು 408 ಸೆಂಟ್. ಸ್ವಯಂಭೂ ಗಾಂಧಾರವನ್ನು ಅದೇ ಲೆಕ್ಕದಲ್ಲಿ ಬರೆದರೆ 80:64. ಎಂಬತ್ತೊಂದಕ್ಕೂ ಎಂಬತ್ತಕ್ಕೂ ನಡುವಿನ ಈ ಚಿಕ್ಕ ಅಂತರವನ್ನು ಎಲ್ಲಿ ಅಡಗಿಸುವುದು ಎಂದು ಯೂರೋಪಿನ ವಾದ್ಯ ತಯಾರಕರು ಶತಮಾನಗಳ ಕಾಲ ತಲೆಕೆಡಿಸಿಕೊಂಡರು. 16ನೇ ಶತಮಾನದಲ್ಲಿ ಪಂಚಮಗಳನ್ನು ತುಸು ಕುಗ್ಗಿಸಿ ಗಾಂಧಾರವನ್ನು ಶುದ್ಧವಾಗಿರಿಸಿದರು. ಈಗಿನ ಪಿಯಾನೊದಲ್ಲಿ ಪಂಚಮವನ್ನು ಬಹುಪಾಲು ಕಾಪಾಡಿ ಗಾಂಧಾರವನ್ನು ಬಿಟ್ಟುಕೊಟ್ಟಿದ್ದೇವೆ. ಇದನ್ನು ಕಲಿತ ಮೇಲೆ ನಾನು ಅಭ್ಯಾಸ ಮಾಡುವ ರೀತಿಯೇ ಬದಲಾಯಿತು. ಈ ಸ್ವರ ಇಲ್ಲಿ ಮೇಳದ ಆಧಾರವೋ, ಮುಂದಿನ ಸ್ವರಕ್ಕೆ ಒಯ್ಯುವ ಮೆಟ್ಟಿಲೋ ಎಂದು ಕೇಳಿಕೊಂಡು ಬೆರಳಿಡುವುದನ್ನು ಕಲಿತೆ. ಮೂರು ಬೇರೆ ವಿಭಾಗಗಳ ಪಾಠ ಒಂದೇ ಬೆರಳಿನ ತುದಿಗೆ ಬಂದು ಸೇರಿದ ಆ ಸಂತೋಷಕ್ಕಾಗಿಯಾದರೂ ನಾನು ಮತ್ತೆ ಇದೇ ಓದನ್ನು ಆರಿಸಿಕೊಂಡೇನು.

ಈಗ ಕಷ್ಟದ ಭಾಗ. ಮಧ್ಯಯುಗದ ಯೂರೋಪಿನಲ್ಲಿ ಲಿಬರಲ್ ಆರ್ಟ್ಸ್ ಎಂದರೆ ಏಳು ವಿದ್ಯೆಗಳು. ಅಂಕಗಣಿತ, ರೇಖಾಗಣಿತ, ಖಗೋಳಶಾಸ್ತ್ರಗಳ ಪಕ್ಕದಲ್ಲೇ ಸಂಗೀತಕ್ಕೂ ಸ್ಥಾನವಿತ್ತು. ಆದರೆ ಅದು ಅನುಪಾತಗಳ ಶಾಸ್ತ್ರವಾಗಿದ್ದ ಸಂಗೀತ. 6ನೇ ಶತಮಾನದ ರೋಮನ್ ಚಿಂತಕ ಬೊಯಿಥಿಯಸ್ ನುಡಿಸುವವನಿಗಿಂತ, ವಿಚಾರದಿಂದ ಸಂಗೀತವನ್ನು ತೂಗಬಲ್ಲವನನ್ನೇ ನಿಜವಾದ ಸಂಗೀತಜ್ಞ ಎಂದ. ಆ ಹಳೆಯ ಒಲವು ಪೂರ್ತಿ ಹೋಗಿಲ್ಲ ಎಂದು ನನಗೆ ಅನ್ನಿಸುತ್ತದೆ. ಎಷ್ಟೋ ಕಡೆ ದಿನವೂ ಗಂಟೆಗಟ್ಟಲೆ ಸಾಧನೆ ಬೇಡುವ ವಾದ್ಯಪಾಠಕ್ಕೆ, ಒಂದು ಸಾಮಾನ್ಯ ತರಗತಿಗಿಂತ ಕಡಿಮೆ ಕ್ರೆಡಿಟ್. ಪ್ರಬಂಧ ತಡವಾದರೆ ಪ್ರಾಧ್ಯಾಪಕರು ಕೇಳುತ್ತಾರೆ, ಅಭ್ಯಾಸ ತಪ್ಪಿದರೆ ಮುಂದಿನ ಪಾಠದವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಬೆಳಗಿನ ಹೊತ್ತನ್ನು ವಯೊಲಿನ್‌ಗೆ ಮೀಸಲಿಟ್ಟು, ಆ ಹೊತ್ತಿನಲ್ಲಿ ಬರುವ ಯಾವ ತರಗತಿಯನ್ನೂ, ಎಷ್ಟೇ ಆಸೆಯಾದರೂ, ತೆಗೆದುಕೊಳ್ಳಲಿಲ್ಲ. ಆರ್ಕೆಸ್ಟ್ರಾದಲ್ಲಿ ನಿಮ್ಮ ಪಕ್ಕ ಕೂರುವವರು ರಸಾಯನಶಾಸ್ತ್ರದ ವಿದ್ಯಾರ್ಥಿಯಾಗಿರಬಹುದು. ಅವರ ಪ್ರೀತಿ ದೊಡ್ಡದು, ಅಭ್ಯಾಸದ ಸಮಯ ಚಿಕ್ಕದು. ನಿಮಗಿಂತ ಚೆನ್ನಾಗಿ ನುಡಿಸುವವರ ನಡುವೆ ಕೂರದಿದ್ದರೆ ಮಟ್ಟ ಮೆಲ್ಲಗೆ ಇಳಿಯುತ್ತದೆ. ಬೇಸಿಗೆ ರಜೆಯಲ್ಲಿ ಆಯ್ಕೆ ಪರೀಕ್ಷೆ ಇರುವ ಸಂಗೀತ ಶಿಬಿರಗಳಿಗೆ ಹೋಗುವುದು ನನಗೆ ಇದಕ್ಕೆ ಮದ್ದಾಯಿತು.

ದೊಡ್ಡ ಆರ್ಕೆಸ್ಟ್ರಾದಲ್ಲಿ ಕುರ್ಚಿ ಪಡೆಯುವುದೊಂದೇ ನಿಮ್ಮ ಗುರಿಯಾಗಿದ್ದರೆ ಕನ್ಸರ್ವೇಟರಿಗೇ ಹೋಗಿ. ಎರಡೂ ಬೇಕೆನ್ನುವವರಿಗೆ ಜೋಡಿ ಪದವಿಗಳಿವೆ: ಓಬರ್ಲಿನ್‌ನಲ್ಲಿ ಕಾಲೇಜು ಮತ್ತು ಕನ್ಸರ್ವೇಟರಿ ಒಂದೇ ಆವರಣದಲ್ಲಿವೆ, ಐದು ವರ್ಷಗಳಲ್ಲಿ ಎರಡೂ ಪದವಿ ಪಡೆಯಬಹುದು. ಐದು ವರ್ಷದ ಖರ್ಚನ್ನು ಮಾತ್ರ ಮೊದಲೇ ಲೆಕ್ಕಹಾಕಿ. ಬಿ.ಎ. ನಂತರ ವಾದನದಲ್ಲಿ ಸ್ನಾತಕೋತ್ತರ ಓದಿಗೆ ಹೋಗುವ ಬಾಗಿಲೂ ಮುಚ್ಚಿರುವುದಿಲ್ಲ, ಅಲ್ಲಿ ಮುಖ್ಯವಾಗಿ ನೋಡುವುದು ಆಡಿಷನ್. ಸಂಯೋಜಕ ಸ್ಟೀವ್ ರೈಶ್ ಮೊದಲು ಕಾರ್ನೆಲ್‌ನಲ್ಲಿ ತತ್ತ್ವಶಾಸ್ತ್ರ ಓದಿ, ಆಮೇಲೆ ಜೂಲಿಯಾರ್ಡ್ ಕನ್ಸರ್ವೇಟರಿಗೆ ಹೋದವರು. ಪಿಯಾನೊ ವಾದಕ ವಿಜಯ್ ಅಯ್ಯರ್ ಯೇಲ್‌ನಲ್ಲಿ ಓದಿದ್ದು ಗಣಿತ ಮತ್ತು ಭೌತಶಾಸ್ತ್ರ.

ನಮ್ಮ ಸಂಗೀತದ ಹಿನ್ನೆಲೆ ಇರುವವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ಬಗ್ಗೆ ತಿಳಿದಿರಲೇಬೇಕು. ಅಲ್ಲಿ 1960ರ ದಶಕದಿಂದ ಕರ್ನಾಟಕ ಸಂಗೀತ ಕಲಿಸುತ್ತಾ ಬಂದಿದ್ದಾರೆ. ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರ ತಮ್ಮಂದಿರಾದ ಮೃದಂಗದ ಟಿ. ರಂಗನಾಥನ್ ಮತ್ತು ಕೊಳಲಿನ ಟಿ. ವಿಶ್ವನಾಥನ್ ಅಲ್ಲಿ ಪಾಠ ಹೇಳಿದರು. ಹಿಗ್ಗಿನ್ಸ್ ಭಾಗವತರ್ ಎಂದೇ ಹೆಸರಾದ, ಕರ್ನಾಟಕ ಸಂಗೀತ ಹಾಡುತ್ತಿದ್ದ ಅಮೆರಿಕದ ಗಾಯಕ ಜಾನ್ ಹಿಗ್ಗಿನ್ಸ್ 1962ರಲ್ಲಿ ಬಿ.ಎ. ಮುಗಿಸಿದ್ದು ಅಲ್ಲಿಯೇ. ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿದ ಕುತೂಹಲ ಅವರನ್ನು ತಿರುವೈಯಾರಿನ ತ್ಯಾಗರಾಜ ಆರಾಧನೆಯಲ್ಲಿ ಹಾಡುವವರೆಗೆ ಕೊಂಡೊಯ್ದಿತು.

ಒಪ್ಪಿಗೆ ಕಳಿಸುವ ಮೊದಲು ಸಂಗೀತ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. ವಯೊಲಿನ್ ಕಲಿಸುವವರು ಯಾರು, ಅವರು ಪೂರ್ಣಾವಧಿಯವರೋ ವಾರಕ್ಕೊಮ್ಮೆ ಬಂದುಹೋಗುವವರೋ, ವಾದ್ಯಪಾಠಕ್ಕೆ ಪ್ರತ್ಯೇಕ ಶುಲ್ಕವಿದೆಯೇ, ಸಂಗೀತವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡವರಿಗೆ ಅದರಲ್ಲಿ ವಿನಾಯಿತಿ ಉಂಟೇ, ಅಭ್ಯಾಸದ ಕೋಣೆಗಳು ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತವೆ ಎಂದು ಕೇಳಿ. ಸಾಧ್ಯವಾದರೆ ಆ ಗುರುಗಳ ಬಳಿ ಆನ್‌ಲೈನ್‌ನಲ್ಲಿ ಒಂದು ಪರಿಚಯ ಪಾಠವನ್ನೂ ಕೇಳಿಕೊಳ್ಳಿ. ವಿಶ್ವವಿದ್ಯಾಲಯದ ಹೆಸರು ಎಷ್ಟೇ ದೊಡ್ಡದಿರಲಿ, ಆ ಪಾಠದಲ್ಲಿ ಗುರು ನಿಮಗೆ ಒಪ್ಪಿಗೆಯಾಗದಿದ್ದರೆ ಬೇರೆ ಕಡೆ ನೋಡಿ.