ದುಃಖದ ಬಗ್ಗೆ ಕಾದಂಬರಿ ಬರೀತಿದ್ದೇನೆ, ಕೊನೆಗೆ ನಾಯಕಿಗೆ ಸಮಾಧಾನ ಸಿಗಬೇಕಾ?

ಅಕ್ಕ ತೀರಿಕೊಂಡು ಒಂದೂವರೆ ವರ್ಷವಾಯಿತು, ಆ ನೋವನ್ನೇ ಕಾದಂಬರಿ ಮಾಡುತ್ತಿದ್ದೇನೆ, ಸಮಾಧಾನ ಹುಡುಕಿಕೊಂಡು ಮನೆ ಬಿಟ್ಟ ನಾಯಕಿಗೆ ಕೊನೆಗೆ ಅದು ಸಿಗಬೇಕಾ ಬೇಡವಾ ಅಂತ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಏಳು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ.

ನನ್ನ ತಮ್ಮ ಹೋದಾಗ ಅವನಿಗೆ 26 ವರ್ಷ. ಅಪಘಾತ. ಮೂರು ತಿಂಗಳಿಗೇ ಬರೆಯಲು ಶುರು ಮಾಡಿದೆ, ಬರೆದರೆ ಮನಸ್ಸು ಹಗುರವಾಗುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು. ಬೆಳಗಿನ ಜಾವ ಹೇಗೂ ನಿದ್ದೆ ಇರುತ್ತಿರಲಿಲ್ಲ, ಎದ್ದು ಬರೆಯುತ್ತಿದ್ದೆ. ಎರಡು ವರ್ಷ ಎಂಟು ತಿಂಗಳು, 340 ಪುಟ.

ಕಥೆ ಹೀಗಿತ್ತು. ಮಗಳನ್ನು ಕಳೆದುಕೊಂಡ ಅಪ್ಪ ಮನೆಗೆ ಬೀಗ ಹಾಕಿ ಹೊರಡುತ್ತಾನೆ. ನದಿ, ಕಾಡು, ಬೆಟ್ಟ ಎಲ್ಲ ಸುತ್ತುತ್ತಾನೆ. ಬೆಟ್ಟದ ಮೇಲೆ ಒಬ್ಬ ಮುದುಕ ಸಿಗುತ್ತಾನೆ, ನಾಲ್ಕು ಒಳ್ಳೆ ಮಾತು ಹೇಳುತ್ತಾನೆ. ಅಪ್ಪ ವಾಪಸ್ ಬಂದು ಮಗಳ ಕೋಣೆಯ ಕಿಟಕಿ ತೆಗೆಯುತ್ತಾನೆ, ಬೆಳಕು ಬರುತ್ತದೆ, ಮುಗಿಯಿತು. ಅದನ್ನು ಐದು ಭಾಗ ಮಾಡಿದ್ದೆ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ದುಃಖ ಅಂದರೆ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ ಅಂತ ನಂಬಿದ್ದೆ. ಆದರೆ ಮನೋವೈದ್ಯೆ ಎಲಿಸಬೆತ್ ಕುಬ್ಲರ್-ರಾಸ್ 1969ರಲ್ಲಿ ಈ ಐದು ಹಂತಗಳನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ತಾನು ಬದುಕುವುದಿಲ್ಲ ಅಂತ ಗೊತ್ತಾದವರ ಮನಸ್ಸಿನ ಚಿತ್ರ ಅದು. ಹಿಂದೆ ಉಳಿದವರ ದುಃಖಕ್ಕೂ ಅದೇ ಅಳತೆಗೋಲು ಅಂತ ಬಳಸಿದ್ದು ಆಮೇಲಿನ ಕಥೆ. ನನಗೆ ಇದು ತುಂಬಾ ತಡವಾಗಿ ತಿಳಿಯಿತು. ನಿಮ್ಮ ಕಾದಂಬರಿಯಲ್ಲೂ ಈ ಐದು ಭಾಗ ಇದ್ದರೆ ಇವತ್ತೇ ತೆಗೆದುಹಾಕಿ.

ಆದರೆ ನನ್ನ ದೊಡ್ಡ ತಪ್ಪು ಬೇರೆ.

ಬರೆದು ಮುಗಿದಾಗ ಅಮ್ಮ ಓದಲು ಕೇಳಿದಳು. ಎರಡು ರಾತ್ರಿ ಓದಿದಳು. ಮೂರನೇ ದಿನ ಹಾಳೆಗಳನ್ನು ಮೇಜಿನ ಮೇಲಿಟ್ಟು, ಅಂಚುಗಳನ್ನು ಅಂಗೈಯಿಂದ ತಟ್ಟಿ ತಟ್ಟಿ ಸರಿ ಮಾಡಿದಳು. "ಚೆನ್ನಾಗಿ ಬರೆದಿದ್ದೀಯ" ಅಂದಳು. ಆಮೇಲೆ, "ಅವನ ಬಗ್ಗೆ ಬರೀತಿದ್ದೀಯ ಅಂದುಕೊಂಡಿದ್ದೆ ಕಣೇ. ಅವನು ಎಲ್ಲೂ ಬರಲೇ ಇಲ್ವಲ್ಲ" ಅಂದಳು.

ಇದು ಕಾದಂಬರಿ ಅಮ್ಮಾ, ಇಲ್ಲಿ ಸತ್ತಿರುವುದು ಮಗಳು, ಅಂತೆಲ್ಲ ವಾದ ಮಾಡಿದೆ. ಅವಳು ಎದ್ದು ಹೋದ ಮೇಲೆ ಒಬ್ಬಳೇ ಕೂತು ಎಣಿಸಿದೆ. ಸತ್ತ ಹುಡುಗಿ ಹನ್ನೊಂದು ಕಡೆ ಬರುತ್ತಾಳೆ. ಅವಳ ನಗು, ಅವಳ ನೆನಪು, ಅವಳಿಲ್ಲದ ಮನೆ, ಬರೀ ಇಷ್ಟೇ. ಏನು ನೋಡಿ ನಗುತ್ತಿದ್ದಳು? ಯಾವುದಕ್ಕೆ ಹಟ ಮಾಡುತ್ತಿದ್ದಳು? ಬಾಗಿಲು ಮೆಲ್ಲಗೆ ಹಾಕುತ್ತಿದ್ದಳಾ, ಧಡಾರನೆ ಎಳೆಯುತ್ತಿದ್ದಳಾ? ಒಂದೂ ಇಲ್ಲ. ಅಪ್ಪ 340 ಪುಟ ಅಳುತ್ತಾನೆ, ಯಾರಿಗೋಸ್ಕರ ಅಂತ ಓದುವವರಿಗೆ ತಿಳಿಯುವುದೇ ಇಲ್ಲ.

ಇದು ಯಾಕಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬರೆಯುವಾಗ ಇದು ತಪ್ಪು ಅಂತ ಅನಿಸುವುದೇ ಇಲ್ಲ. ದುಃಖದ ಬಗ್ಗೆ ಬರೆದರೆ ಕೈ ಓಡುತ್ತಿತ್ತು, ತಮ್ಮನ ಬಗ್ಗೆ ಬರೆಯಲು ಹೋದರೆ ನಿಂತುಬಿಡುತ್ತಿತ್ತು. ಅವನ ಕನ್ನಡಕದ ಎಡಗಡ್ಡಿಯ ಸ್ಕ್ರೂ ಬಿದ್ದುಹೋಗಿತ್ತು. ಹೊಸದು ಹಾಕಿಸಿಕೊಳ್ಳೋ ಅಂದರೆ ಕೇಳದೆ ಅಲ್ಲಿಗೆ ನೀಲಿ ದಾರ ಸುತ್ತಿದ್ದ. ದಾರ ಸಡಿಲವಾದಾಗ ಕನ್ನಡಕ ತೆಗೆದು, ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು, ಇನ್ನೊಂದು ಗಂಟು ಹಾಕುತ್ತಿದ್ದ. ಗಂಟಿನ ಮೇಲೆ ಗಂಟು ಬಿದ್ದು ಅದು ಕಾಳುಮೆಣಸಿನಷ್ಟು ದಪ್ಪವಾಗಿತ್ತು. ಆ ಕನ್ನಡಕ ನಾನು ಬರೆಯುತ್ತಿದ್ದ ಮೇಜಿನ ಡ್ರಾದಲ್ಲೇ ಇತ್ತು. ಕೂತರೆ ಮೊಣಕಾಲಿಗೆ ಆ ಡ್ರಾ ತಾಗುತ್ತಿತ್ತು. ಒಂದು ದಿನವೂ ತೆಗೆಯಲಿಲ್ಲ. ಬೆಟ್ಟದ ಮೇಲಿನ ಮಂಜಿನ ಬಗ್ಗೆ ಮಾತ್ರ ಆರು ಪುಟ ಬರೆದೆ. ನನ್ನ ನಾಯಕ ಸಮಾಧಾನ ಹುಡುಕಿಕೊಂಡು ಹೊರಟಿದ್ದಾನೆ ಅಂದುಕೊಂಡಿದ್ದೆ, ಅವನು ಮಗಳಿಂದಲೇ ದೂರ ಓಡುತ್ತಿದ್ದ. ಓಡಿಸುತ್ತಿದ್ದವಳು ನಾನು.

ಅದಕ್ಕೆ ತೆತ್ತ ಬೆಲೆ ಹಸ್ತಪ್ರತಿ ಅಲ್ಲ, ಅದು ಹೋದರೆ ಹೋಗಲಿ. ತಮ್ಮ ಸಿಟ್ಟು ಬಂದಾಗ ನನ್ನನ್ನು ಒಂದು ಹೆಸರಿಟ್ಟು ಕರೆಯುತ್ತಿದ್ದ. ಅರ್ಥವಿಲ್ಲದ ಹೆಸರು, ಚಿಕ್ಕವನಿದ್ದಾಗ ಅವನೇ ಕಟ್ಟಿದ್ದು. ಅವನು ಹೋದ ಹೊಸದರಲ್ಲಿ ಅದು ಕಿವಿಯಲ್ಲೇ ಇತ್ತು. ಈಗ ಇಲ್ಲ. ಮೂರು ಅಕ್ಷರ, ಕೊನೆಗೆ 'ಲಿ' ಅಂತ ಬರುತ್ತಿತ್ತು, ಅಷ್ಟು ಮಾತ್ರ ಉಳಿದಿದೆ. ಅಮ್ಮನಿಗೂ ನೆನಪಿಲ್ಲ. ಎರಡು ವರ್ಷ ಎಂಟು ತಿಂಗಳು ದಿನಾ ಪೆನ್ನು ಹಿಡಿದು ಕೂತವಳು ಒಂದು ಸಾಲು ಬರೆದಿಟ್ಟಿದ್ದರೆ ಅದು ಉಳಿಯುತ್ತಿತ್ತು.

ಈಗ ನಿಮ್ಮ ಪ್ರಶ್ನೆ. ನಾಯಕಿ ಗುಣವಾಗಬೇಕಾ ಅಂತ ಕೇಳುವುದೇ ಸರಿಯಿಲ್ಲ ಅಂತ ನನಗೆ ಅನಿಸುತ್ತದೆ. ದುಃಖ ಜ್ವರ ಅಲ್ಲ, ಇಳಿದರೆ ಗೆದ್ದಳು, ಇಳಿಯದಿದ್ದರೆ ಸೋತಳು ಅನ್ನೋದಕ್ಕೆ. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1917ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದರು, ದುಃಖದ ಕೆಲಸ ಮುಗಿದಾಗ ಮನಸ್ಸು ಹೋದವರಿಂದ ಬಿಡಿಸಿಕೊಂಡು ಮತ್ತೆ ಸ್ವತಂತ್ರವಾಗುತ್ತದೆ ಅಂತ. 1920ರಲ್ಲಿ ಅವರ ಮಗಳು ಸೋಫಿ ತೀರಿಕೊಂಡಳು. 1929ರಲ್ಲಿ, ಅವಳು ಬದುಕಿದ್ದರೆ 36 ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡಿದ್ದ ಗೆಳೆಯ ಬಿನ್ಸ್‌ವಾಂಗರ್‌ಗೆ ಬರೆದ ಪತ್ರದಲ್ಲಿ ಅವರು ಹೇಳಿದ್ದೇ ಬೇರೆ: ಮೊದಲಿನ ತೀವ್ರತೆ ಇಳಿಯುತ್ತದೆ, ಆದರೆ ಆ ಜಾಗಕ್ಕೆ ಬೇರೆ ಏನೂ ಬರುವುದಿಲ್ಲ, ಹಾಗಿರುವುದೇ ಸರಿ, ಬಿಡಲು ಮನಸ್ಸಿಲ್ಲದ ಪ್ರೀತಿ ಮುಂದುವರಿಯುವ ದಾರಿ ಅದೊಂದೇ. ನನಗೆ ಆ ಪ್ರಬಂಧಕ್ಕಿಂತ ಈ ಪತ್ರದ ಅಪ್ಪನ ಮೇಲೆ ನಂಬಿಕೆ ಜಾಸ್ತಿ.

ಕಿಸಾಗೋತಮಿಯ ಕಥೆ ನಿಮಗೂ ಗೊತ್ತಿರುತ್ತದೆ. ಸಾವಿಲ್ಲದ ಮನೆಯ ಸಾಸಿವೆ ತಾ ಅಂತ ಬುದ್ಧ ಕಳಿಸಿದ್ದು. ಎಲ್ಲರೂ ಅದರಲ್ಲಿ ಬುದ್ಧನ ಉಪದೇಶ ನೋಡುತ್ತಾರೆ, ನನ್ನ ಬೆಟ್ಟದ ಮುದುಕ ಹುಟ್ಟಿದ್ದೂ ಅಲ್ಲಿಂದಲೇ. ಆದರೆ ಆ ಹೆಂಗಸು ದಿನವಿಡೀ ಮಾಡಿದ್ದೇನು? ಸತ್ತ ಮಗುವನ್ನು ಎತ್ತಿಕೊಂಡೇ ಬಾಗಿಲು ಬಾಗಿಲಿಗೆ ಹೋದಳು. ಮಗು ಅವಳ ತೋಳಲ್ಲೇ ಇತ್ತು. ನಾನು ಮಗುವನ್ನು ಬಿಟ್ಟು ಸಾಸಿವೆ ಮಾತ್ರ ಬರೆದಿದ್ದೆ.

ಇನ್ನೊಂದು ಮಾತು. ನಿಮ್ಮ ನಾಯಕಿಗೆ ದುಃಖ ಮರೆತುಹೋಗುವ ಗಳಿಗೆಗಳನ್ನೂ ಕೊಡಿ. ಒಂದು ಬೆಳಿಗ್ಗೆ ಅವಳು ಬಸ್ಸು ತಪ್ಪುತ್ತೆ ಅಂತ ಓಡಲಿ, ಯಾರದೋ ಮಾತಿಗೆ ಹೊಟ್ಟೆ ಹಿಡಿದು ನಗಲಿ, ಆಮೇಲೆ ಥಟ್ಟನೆ ನೆನಪಾಗಲಿ. ಸ್ಟ್ರೋಬ ಮತ್ತು ಸ್ಖುಟ್ ಅನ್ನೋ ಇಬ್ಬರು ಸಂಶೋಧಕರು 1999ರಲ್ಲಿ ಹೇಳಿದ್ದು ಇದನ್ನೇ: ಮನಸ್ಸು ಹೋದವರ ಕಡೆಗೊಮ್ಮೆ, ಬದುಕಿನ ಕಡೆಗೊಮ್ಮೆ ತೂಗಾಡುತ್ತಲೇ ಇರುತ್ತದೆ. ನನ್ನ ನಾಯಕನಿಗೆ ಒಂದು ಹೊತ್ತೂ ಬಿಡುವು ಕೊಟ್ಟಿರಲಿಲ್ಲ, ಅದಕ್ಕೇ ಅವನು ಮನುಷ್ಯನಂತೆ ಕಾಣುತ್ತಿರಲಿಲ್ಲ. ಮತ್ತೆ, ನಿಮಗೇ ದಿನ ದೂಡುವುದು ಕಷ್ಟವಾಗುತ್ತಿದ್ದರೆ ಅದಕ್ಕೆ ಕಾದಂಬರಿ ಮದ್ದಲ್ಲ. ದಯವಿಟ್ಟು ಮನಸ್ಸಿನ ಡಾಕ್ಟರ ಹತ್ತಿರ ಹೋಗಿ. ನಾನು ಹೋಗಲು ನಾಲ್ಕು ವರ್ಷ ತಡ ಮಾಡಿದೆ.

ಈಗ ಹೊಸದಾಗಿ ಬರೆಯುತ್ತಿದ್ದೇನೆ. ಮೊದಲ 90 ಪುಟ ಹುಡುಗಿ ಬದುಕಿರುತ್ತಾಳೆ. ಕನ್ನಡಕಕ್ಕೆ ನೀಲಿ ದಾರ ಸುತ್ತಿಕೊಂಡಿದ್ದಾಳೆ, ಅಪ್ಪನ ಜೊತೆ ಜಗಳವಾಡುತ್ತಾಳೆ. ಕೊನೆ ಏನಾಗುತ್ತೆ ಅಂತ ಯೋಚಿಸಿಲ್ಲ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇದೆ, ತಮ್ಮನ ಬಗ್ಗೆ ಏನು ನೆನಪಾದರೂ ಅದರಲ್ಲಿ ಬರೆಯುತ್ತೇನೆ, ಅಮ್ಮನೂ ಬರೆಯುತ್ತಾಳೆ. ಹೋದ ತಿಂಗಳು ಅವಳು ಬರೆದಿದ್ದಳು: "ಮೆಟ್ಟಿಲು ಹತ್ತುವಾಗ ಕೊನೆಯದನ್ನು ಯಾವಾಗಲೂ ಹಾರಿ ದಾಟುತ್ತಿದ್ದ." ನನಗೆ ಇದು ಗೊತ್ತೇ ಇರಲಿಲ್ಲ.

ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ದುಃಖ ಇದೆ, ನಾಯಕಿ ಇದ್ದಾಳೆ, ಓದುಗರಿದ್ದಾರೆ. ಅಕ್ಕನ ಬಗ್ಗೆ ತೀರಿಕೊಂಡಳು ಅನ್ನೋದು ಬಿಟ್ಟರೆ ಒಂದು ಮಾತೂ ಇಲ್ಲ. ಕೊನೆಯ ಅಧ್ಯಾಯ ಪಕ್ಕಕ್ಕಿಡಿ. ಅಕ್ಕ ನಿಮ್ಮನ್ನು ಏನಂತ ಕರೀತಿದ್ದಳು?