ಟರ್ಮಿನಲ್‌ಗೆ ದುಡ್ಡು ಕೊಡಬೇಕಾ?

ಪ್ರಶ್ನೆ: ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್. ನೆಟ್‌ವರ್ಕಿಂಗ್ ಕಲಿಯಲು ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಒಂದು ಸೆಕೆಂಡ್‌ಹ್ಯಾಂಡ್ ಸಿಸ್ಕೋ ರೂಟರ್ ತಂದಿದ್ದೇನೆ. ಗೆಳೆಯನೊಬ್ಬ, ‘ಪುಟ್ಟಿ ಎಲ್ಲ ಹಳೇದು, ಸೆಕ್ಯೂರ್‌ಸಿಆರ್‌ಟಿ ಹಾಕ್ಕೋ, ಕ್ರ್ಯಾಕ್ ಮಾಡಿದ್ದು ಪೆನ್‌ಡ್ರೈವ್‌ನಲ್ಲಿ ಕೊಡ್ತೀನಿ’ ಅನ್ನುತ್ತಾನೆ. ಉಚಿತದ ಪುಟ್ಟಿ ಸಾಕಾ?
– ಓದುಗರು, ದಾವಣಗೆರೆ

ಉತ್ತರ: ಸಾಕು. ಪುಟ್ಟಿ, ಸೆಕ್ಯೂರ್‌ಸಿಆರ್‌ಟಿ ಎರಡೂ ಟರ್ಮಿನಲ್‌ಗಳು, ಅಂದರೆ ಬೇರೆ ಯಂತ್ರಕ್ಕೆ ಆಜ್ಞೆ ಟೈಪ್ ಮಾಡಿ ಕಳಿಸುವ ಸಾಫ್ಟ್‌ವೇರ್; ಮೊದಲನೆಯದು ಉಚಿತ, ಎರಡನೆಯದಕ್ಕೆ ದುಡ್ಡು. ಅರ್ಧ ಕೆಲಸಕ್ಕೆ ನೀವು ಏನೂ ಇಳಿಸಿಕೊಳ್ಳಬೇಕಾಗಿಯೂ ಇಲ್ಲ. ವಿಂಡೋಸ್ 11ರಲ್ಲಿ ಟರ್ಮಿನಲ್ ಇದೆ, ಬೇರೆ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೂಡ ಜೊತೆಗೇ ಬಂದಿದೆ. ಪೈನಲ್ಲಿ ಎಸ್‌ಎಸ್‌ಎಚ್ ಆನ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಟರ್ಮಿನಲ್ ತೆರೆದು ssh ಅಂತ ಟೈಪ್ ಮಾಡಿ, ಜಾಗ ಬಿಟ್ಟು ಯೂಸರ್ ಹೆಸರು, @ ಗುರುತು, ಪೈನ ಐಪಿ ವಿಳಾಸ ಹಾಕಿ ಎಂಟರ್ ಒತ್ತಿ. ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿತು ಅಂತ ಗಾಬರಿಯಾಗಬೇಡಿ, ಅದು ಇರೋದೇ ಹಾಗೆ.

ರೂಟರ್‌ದು ಬೇರೆ ಕಥೆ. ಅದನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಜೋಡಿಸುವ ಕನ್ಸೋಲ್ ಕೇಬಲ್ ಸೀರಿಯಲ್ ಪೋರ್ಟ್ ಕೇಳುತ್ತದೆ. ವಿಂಡೋಸ್ ಟರ್ಮಿನಲ್‌ನಲ್ಲಿ ಅದನ್ನು ನೇರವಾಗಿ ತೆರೆಯಲು ಬರುವುದಿಲ್ಲ. ಪುಟ್ಟಿ ಬೇಕಾಗುವುದು ಇಲ್ಲಿ. ಯುಎಸ್‌ಬಿ ಕನ್ಸೋಲ್ ಕೇಬಲ್ ಚುಚ್ಚಿ, ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪೋರ್ಟಿನ ಕಾಮ್ (COM) ನಂಬರ್ ನೋಡಿಕೊಳ್ಳಿ. ಪುಟ್ಟಿಯಲ್ಲಿ ಸೀರಿಯಲ್ ಆರಿಸಿ ಆ ನಂಬರ್ ಕೊಡಿ, ವೇಗ 9600 ಇರಲಿ. ತೆರೆ ತುಂಬ ಅಡ್ಡಾದಿಡ್ಡಿ ಅಕ್ಷರ ಬಂದರೆ ತಪ್ಪಿರುವುದು ಬಹುತೇಕ ವೇಗವೇ.

ಹಳೇದು ಅನ್ನುವ ಮಾತು ಅರ್ಧ ನಿಜ. ಸೈಮನ್ ಟ್ಯಾಥಮ್ ಪುಟ್ಟಿಯನ್ನು ಹೊರಬಿಟ್ಟಿದ್ದು 1999ರಲ್ಲಿ, ಮುಖವೂ ಆ ಕಾಲದ್ದೇ. ಆದರೆ ರಿಪೇರಿ ನಿಂತಿಲ್ಲ. 2024ರಲ್ಲಿ ಪಾಸ್‌ವರ್ಡ್ ಬದಲು ಬಳಸುವ ಒಂದು ಬಗೆಯ ಲಾಗಿನ್ ಕೀಲಿಯಲ್ಲಿ ದೊಡ್ಡ ದೋಷ ಸಿಕ್ಕಾಗ 0.81 ಆವೃತ್ತಿಯಲ್ಲಿ ಸರಿಮಾಡಿದರು. ಅದಕ್ಕಿಂತ ಹಳೆಯದು ನಿಮ್ಮಲ್ಲಿದ್ದರೆ ಈಗಲೇ ಬದಲಿಸಿ.

ಸೆಕ್ಯೂರ್‌ಸಿಆರ್‌ಟಿ ಒಳ್ಳೆಯ ಸಾಫ್ಟ್‌ವೇರೇ. ದಿನವಿಡೀ ಐವತ್ತು ನೂರು ರೂಟರ್ ನೋಡುವವರಿಗೆ ಸೆಷನ್‌ಗಳನ್ನು (ಉಳಿಸಿಟ್ಟ ಸಂಪರ್ಕಗಳನ್ನು) ಫೋಲ್ಡರ್ ಮಾಡಿಟ್ಟು, ಸ್ಕ್ರಿಪ್ಟ್ ಬರೆದು ಓಡಿಸಲು ಅನುಕೂಲ. ಅಂಥವರಿಗೆ ಆಫೀಸೇ ಕೊಡಿಸುತ್ತದೆ ಬಿಡಿ. ಕುತೂಹಲ ಇದ್ದರೆ 30 ದಿನದ ಟ್ರಯಲ್ ಹಾಕಿ ನೋಡಿ. ಟ್ಯಾಬು, ಫೈಲ್ ಕಳಿಸೋದು ಎಲ್ಲ ಒಂದೇ ಕಡೆ ಬೇಕಾದರೆ ಮೊಬಾಎಕ್ಸ್‌ಟರ್ಮ್‌ನ ಉಚಿತ ಹೋಮ್ ಆವೃತ್ತಿ ಇದೆ. 12 ಸೆಷನ್‌ಗಿಂತ ಜಾಸ್ತಿ ಉಳಿಸಲು ಬಿಡುವುದಿಲ್ಲ. ನಿಮ್ಮ ಹತ್ತಿರ ಇರೋದು ಎರಡೇ ಡಬ್ಬಿ, ಅಲ್ವಾ?

ಆ ಪೆನ್‌ಡ್ರೈವ್ ಮಾತ್ರ ಮುಟ್ಟಬೇಡಿ. ನಿಮ್ಮ ಪ್ರತಿ ಪಾಸ್‌ವರ್ಡೂ ಟರ್ಮಿನಲ್ ಮೂಲಕವೇ ಹೋಗುತ್ತದೆ. ಕ್ರ್ಯಾಕ್ ಮಾಡಿದವನು ಒಳಗೆ ಏನು ಸೇರಿಸಿದ್ದಾನೆ ಅಂತ ನಿಮ್ಮ ಗೆಳೆಯನಿಗೂ ಗೊತ್ತಿರಲ್ಲ. ಉಚಿತದ್ದಕ್ಕೂ ಈ ಮಾತು ಸಲ್ಲುತ್ತದೆ: ಪಾಸ್‌ವರ್ಡ್ ಕದಿಯುವ ನಕಲಿ ಪುಟ್ಟಿಯೊಂದು 2015ರಲ್ಲೇ ಸಿಕ್ಕಿಬಿದ್ದಿತ್ತು. ಹುಡುಕಿದಾಗ ಮೇಲೆ ಬರುವ ಜಾಹೀರಾತು ಕೊಂಡಿಯನ್ನು ಒತ್ತಬೇಡಿ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ತಗೊಳ್ಳುವುದಾದರೆ ಪ್ರಕಾಶಕರ ಜಾಗದಲ್ಲಿ ಸೈಮನ್ ಟ್ಯಾಥಮ್ ಅಂತಲೇ ಇದೆಯಾ ನೋಡಿ.

ಇನ್ನೊಂದು. ಪೈನಲ್ಲಿ ಕನ್ನಡ ಹೆಸರಿನ ಫೈಲ್ ಇಟ್ಟರೆ ಒತ್ತಕ್ಷರ ಪಕ್ಕಕ್ಕೆ ಜಾರಿ ಕಾಣಬಹುದು. ಟರ್ಮಿನಲ್ ಅಕ್ಷರಗಳನ್ನು ಒಂದೇ ಅಗಲದ ಮನೆಗಳಲ್ಲಿ ಕೂರಿಸುತ್ತದೆ, ನಮ್ಮ ‘ಸ್ತ್ರೀ’ ಅದರಲ್ಲಿ ಹಿಡಿಸಲ್ಲ. ದುಡ್ಡು ಕೊಟ್ಟು ತಂದರೂ ಇದು ಸರಿಹೋಗುತ್ತದೆ ಅಂತ ಖಾತ್ರಿಯಿಲ್ಲ.