ಗ್ರಾನೈಟ್‌ನಲ್ಲಿ ಜಿರ್ಕೋನಿಯಂ ಕಡಿಮೆ ಬರುತ್ತಿದ್ದರೆ
ಟೆಫ್ಲಾನ್ ಬೀಕರ್‌ನಲ್ಲಿ ಎಚ್‌ಎಫ್ (ಹೈಡ್ರೋಫ್ಲೋರಿಕ್ ಆಸಿಡ್), ನೈಟ್ರಿಕ್ ಆಸಿಡ್ ಹಾಕಿ ಹಾಟ್ ಪ್ಲೇಟ್ ಮೇಲೆ ಕರಗಿಸಿದ್ದೀರಿ, ಜಿರ್ಕೋನಿಯಂ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣ ಬಳಸಿ ಧಾತು ಅಳೆಯುವ ವಿಧಾನ) ಅಂಕಿಗಿಂತ ಕಡಿಮೆ ಬಂದಿದೆ ಅಂದಿದ್ದೀರಿ. ಜಿರ್ಕೋನಿಯಂ ಇರುವ ಖನಿಜವಾದ ಜಿರ್ಕಾನ್‌ನ ಹರಳುಗಳು ಪೂರ್ತಿ ಕರಗಿಲ್ಲ ಅನ್ನಿಸುತ್ತದೆ. ದ್ರಾವಣದಲ್ಲಿನ ಧಾತುಗಳನ್ನು ಅಳೆಯುವ ಐಸಿಪಿ-ಎಂಎಸ್ ಯಂತ್ರವನ್ನು ಸುಮ್ನೆ ಅನುಮಾನಿಸಬೇಡಿ.

ಮೊದಲು ಹಾಫ್ನಿಯಂ ನೋಡಿ. ಅದು ಇರುವುದೂ ಹೆಚ್ಚಾಗಿ ಜಿರ್ಕಾನ್‌ನಲ್ಲೇ. ಅದೂ ಕಡಿಮೆಯಿದ್ದರೆ ಕಾರಣ ಬಹುಪಾಲು ಇದೇ. ಆಮೇಲೆ ಅದೇ ಪುಡಿಯನ್ನು ಜಿರ್ಕಾನ್ ಅನ್ನೂ ಕರಗಿಸುವ ಲಿಥಿಯಂ ಮೆಟಾಬೋರೇಟ್ ಜೊತೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಬಂದ ಗಾಜನ್ನು ತೆಳು ನೈಟ್ರಿಕ್ ಆಸಿಡ್‌ಗೆ ಹಾಕಿ. ದ್ರಾವಣದಲ್ಲಿ ಉಪ್ಪು ಜಾಸ್ತಿ ಇರುತ್ತದೆ, ಚೆನ್ನಾಗಿ ತೆಳು ಮಾಡಿಯೇ ಯಂತ್ರಕ್ಕೆ ಕೊಡಿ. ಒಂದು ಬ್ಲ್ಯಾಂಕ್ (ಕಲ್ಲಿನ ಪುಡಿ ಇಲ್ಲದ್ದು), ಒಂದು ಗ್ರಾನೈಟ್ ರೆಫರೆನ್ಸ್ ಪುಡಿಯನ್ನೂ (ಅಂಕಿಗಳು ಮೊದಲೇ ಗೊತ್ತಿರುವುದು) ಹೀಗೇ ಮಾಡಿ.

ಹಾಫ್ನಿಯಂ ಸರಿಯಿದ್ದರೆ ನನ್ನ ಊಹೆ ತಪ್ಪಿರಬಹುದು, ಆಗ ಕ್ಯಾಲಿಬ್ರೇಷನ್ ನೋಡಿ. ಅಲ್ಲಿಯವರೆಗೆ ಇಟರ್ಬಿಯಂ, ಲುಟೀಷಿಯಂ ಅಂಕಿಗಳನ್ನು ಥೀಸಿಸ್‌ಗೆ ಹಾಕಬೇಡಿ. ಅವೂ ಜಿರ್ಕಾನ್ ಜೊತೆ ಉಳಿದುಬಿಟ್ಟಿರಬಹುದು.